ಎಡಗಡೆಯ ಸೀಟು

ವೆಲಾಫಿ ಮ್ಬಾಥಾ ಬೆಳಿಗ್ಗೆ ಎದ್ದವನೇ, ಮುಖಕ್ಕೆ ನೀರು ಹಾಕುವ ಮೊದಲು, ರಟ್ಟು ನೋಡುತ್ತಾನೆ. ಅವನ ಕೈಗೆ ಬಂದ ಗಾಡಿ ಯಾರದೇ ಇರಲಿ, ಸಂಜೆ ಅದರ ಹೊಟ್ಟೆಯಡಿ ದೊಡ್ಡದೊಂದು ರಟ್ಟಿನ ಹಾಳೆ ಹಾಸುತ್ತಾನೆ. ಬೆಳಿಗ್ಗೆ ಅದನ್ನು ಮೆಲ್ಲಗೆ ಎಳೆದು ಬೆಳಕಿಗೆ ಹಿಡಿಯುತ್ತಾನೆ. ಕಪ್ಪು ಹನಿ ಬಿದ್ದಿದ್ದರೆ ಎಂಜಿನ್ನಿನ ಎಣ್ಣೆ, ಕೆಂಪಗಿದ್ದರೆ ಸ್ಟೀರಿಂಗಿನದು, ಬಣ್ಣವಿಲ್ಲದೆ ಒಣಗಿ ಬರೀ ಉಂಗುರ ಉಳಿದಿದ್ದರೆ ನೀರು. ನನ್ನ ಹಿತ್ತಲಿನ ಕೋಣೆಯಲ್ಲಿ ಅವನು ಬಾಡಿಗೆಗಿದ್ದು ಹದಿನಾಲ್ಕು ವರ್ಷವಾಯಿತು. ಜ್ವರ ಬಂದ ದಿನವೂ, ಈಸ್ಟರ್ ಹಬ್ಬದ ದಿನವೂ ಅವನು ರಟ್ಟು ನೋಡದೆ ಬಿಟ್ಟದ್ದನ್ನು ನಾನು ಕಂಡಿಲ್ಲ. ನಾನು ಬೆಳಗಿನ ಪ್ರಾರ್ಥನೆ ಮುಗಿಸಿ ಕಿಟಕಿ ತೆರೆಯುವ ಹೊತ್ತಿಗೆ ಅವನು ಅಂಗಳದಲ್ಲಿ ಪತ್ರ ಓದುವವನ ಹಾಗೆ ನಿಂತಿರುತ್ತಾನೆ.

ಜರ್ಮಿಸ್ಟನ್ನಿನ ನಮ್ಮ ಬೀದಿಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ಮ್ಬಾಥಾ ಕುಲದವರನ್ನು ಗೌರವದಿಂದ ಶಾಂಡು ಎನ್ನುತ್ತಾರೆ. ಎಲ್ಲರಿಗೂ ಅವನು ಶಾಂಡುವೇ. ಐವತ್ತೆಂಟು ವರ್ಷ. ರೈಲು ಹಳಿಯ ಪಕ್ಕದ ಗ್ಯಾರೇಜಿನಲ್ಲಿ ಮೂವತ್ತು ವರ್ಷ ಡೀಸೆಲ್ ಎಂಜಿನ್ನುಗಳನ್ನು ಬಿಚ್ಚಿ ಜೋಡಿಸಿ ಬೆನ್ನು ಹಾಳುಮಾಡಿಕೊಂಡವನು. ಊರು ನೊಂಗೊಮಾ ಕಡೆ, ಒಂದು ಇಡೀ ಹಗಲಿನ ದಾರಿ. ಇಷ್ಟು ವರ್ಷವೂ ಊರಿಗೆ ಟ್ಯಾಕ್ಸಿ ಹಿಡಿದೇ ಹೋಗಿ ಬಂದವನು, ಕಳೆದ ಚಳಿಗಾಲದಲ್ಲಿ ಒಂದು ದಿನ ನನ್ನ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದ:

"ಮಾ, ನಂಗೊಂದು ಪಿಕಪ್ ಬೇಕು. ಹಳೇದಾದ್ರೂ ಪರವಾಗಿಲ್ಲ. ಡೀಸೆಲ್ ಆಗಿರ್ಬೇಕು. ಮುಂದೆ ಎರಡೇ ಸೀಟಿರ್ಬೇಕು."

"ಎರಡೇ ಯಾಕೋ?"

"ಒಂದು ನಂಗೆ, ಒಂದು ಫಲಾಖೆಗೆ."

ಫಲಾಖೆ ಅವನ ತಮ್ಮ. ಸತ್ತು ಹನ್ನೊಂದು ವರ್ಷವಾಗಿತ್ತು.

ನಾನು ಒಲೆ ಆರಿಸಿ ಕುರ್ಚಿ ತೋರಿಸಿದೆ. ಒಲೆ ಆರಿಸಿದ್ದು ಅವನಿಗಾಗಿ. ಎರಡು ವರ್ಷದಿಂದ ಅವನು ನೀರು ಕುದಿಯುವ ಸದ್ದಿನ ಹತ್ತಿರ ಕೂರುತ್ತಿರಲಿಲ್ಲ. ಕೆಟಲ್ಲು ಹಬೆ ಬಿಡಲು ಶುರು ಮಾಡಿದರೆ ಏನೋ ನೆಪ ಹೇಳಿ ಹೊರಗೆ ಹೋಗುತ್ತಿದ್ದ. ಕಾರಣ ನನಗೆ ಗೊತ್ತಿತ್ತು.

ಫಲಾಖೆ ಇಲ್ಲೇ ಪಟ್ಟಣದಂಚಿನ ಒಂದು ಇಟ್ಟಿಗೆ ಭಟ್ಟಿಯಲ್ಲಿ ಕೆಲಸಕ್ಕಿದ್ದ. ಗೋಡೆ ಕುಸಿದು ಸತ್ತ. ದೇಹವನ್ನು ಊರಿಗೆ ಕಳಿಸಿ ಮಣ್ಣು ಮಾಡಿದರು, ಪಾದ್ರಿಗಳು ಪ್ರಾರ್ಥನೆ ಮಾಡಿದರು. ಆದರೆ ದೇಹ ಊರು ಸೇರಿದ ಮಾತ್ರಕ್ಕೆ ಮನುಷ್ಯ ಊರು ಸೇರಿದ ಎಂದು ನಮ್ಮ ಹಿರಿಯರು ಒಪ್ಪುವುದಿಲ್ಲ. ಸತ್ತ ಜಾಗಕ್ಕೆ ಮನೆಯವನೊಬ್ಬ ಉಮ್ಫಾಫಾ ಮರದ ಕೊಂಬೆ ಹಿಡಿದು ಹೋಗಬೇಕು. ಆ ಕೊಂಬೆಯಲ್ಲಿ ಮುಳ್ಳುಗಳು ಜೋಡಿ ಜೋಡಿಯಾಗಿರುತ್ತವೆ. ಒಂದು ನೇರ, ಒಂದು ಹಿಂದಕ್ಕೆ ಬಾಗಿದ್ದು. ಹೆಸರು ಹಿಡಿದು ಕರೆದು, ಬಾ ಮನೆಗೆ ಹೋಗೋಣ ಎನ್ನಬೇಕು. ಅಲ್ಲಿಂದ ಮನೆಯ ಗುಡಿಸಲು ಮುಟ್ಟುವವರೆಗೆ ಕೊಂಬೆ ಹಿಡಿದವನು ಸತ್ತವನ ಹೊರತು ಯಾರ ಜೊತೆಗೂ ಒಂದು ಮಾತೂ ಆಡಬಾರದು. ಆಡಿದರೆ ಸತ್ತವನು ಅಲ್ಲೇ ಇಳಿದುಬಿಡುತ್ತಾನೆ.

ಅವಸರದಲ್ಲಿ ಆಗ ಅದನ್ನು ಮಾಡಿರಲಿಲ್ಲ. ಒಂಬತ್ತನೇ ವರ್ಷ ಊರಿನಲ್ಲಿರುವ ಅಕ್ಕ ಝಿಬುಯಿಲೆಗೆ ಫಲಾಖೆಯ ಕನಸು ಬೀಳತೊಡಗಿದ ಮೇಲೆ ವೆಲಾಫಿ ಬಾಡಿಗೆ ಕಾರು ಮಾಡಿಕೊಂಡು ಭಟ್ಟಿಗೆ ಹೋದ, ಕರೆದ, ಕೊಂಬೆಯನ್ನು ತೊಡೆಯ ಮೇಲಿಟ್ಟುಕೊಂಡು ಹೊರಟ. ಅರ್ಧ ದಾರಿ ಚೆನ್ನಾಗಿ ನಡೆಯಿತು. ಪೀಟ್ ರಿಟೀಫ್ ಪಟ್ಟಣ ದಾಟಿದ ಮೇಲೆ ಒಂದು ಉದ್ದನೆಯ ಏರು ಬರುತ್ತದೆ. ಅಲ್ಲಿ ಎಂಜಿನ್ನು ಕಾದು ಹಬೆ ಎದ್ದಿತು. ಚಾಲಕ ನಗುಮುಖದ ಮನುಷ್ಯ, ಗಾಡಿಯ ವಿಷಯ ಏನೂ ತಿಳಿಯದವನು. ಬಾನೆಟ್ಟು ಎತ್ತಿ, ತೆಳ್ಳನೆಯ ಕರವಸ್ತ್ರ ಸುತ್ತಿ, ರೇಡಿಯೇಟರಿನ ಮುಚ್ಚಳದ ಮೇಲೆ ಮುಖ ಬಗ್ಗಿಸಿ ಕೈಯಿಟ್ಟ.

"ತೆಗೀಬೇಡ!"

ವೆಲಾಫಿಯೇ ಕೂಗಿದ್ದು.

"ಒಂದೇ ಮಾತು, ಮಾ," ಎಂದಿದ್ದ ನನ್ನೆದುರು. "ಗ್ಯಾರೇಜಲ್ಲಿ ದಿನಕ್ಕೆ ನಾಲ್ಕು ಸಲ ಹೇಳೋ ಮಾತು. ಬಾಯಿ ನನ್ನ ಕೇಳ್ಲೇ ಇಲ್ಲ."

ಚಾಲಕನ ಮುಖ ಉಳಿಯಿತು. ಕೊಂಬೆ ಊರು ಸೇರಿತು, ಸತ್ತವನನ್ನು ಮನೆಗೆ ಬರಮಾಡಿಕೊಳ್ಳಲು ಆಡು ಕೊಯ್ದದ್ದೂ ಆಯಿತು. ವಾರ ಕಳೆಯುವಷ್ಟರಲ್ಲಿ ಅಕ್ಕ ಫೋನು ಮಾಡಿದಳು. ನನ್ನ ಅಂಗಳದಲ್ಲೇ ನಿಂತು ಕೇಳಿಸಿಕೊಂಡ. ಅವಳ ಗಟ್ಟಿ ದನಿ ನನಗೂ ಕೇಳುತ್ತಿತ್ತು.

"ವೆಲಾಫಿ, ನೀನು ತಂದಿದ್ದು ಬರೀ ಕೊಂಬೆ ಕಣೋ. ಅವನು ಬಂದಿಲ್ಲ. ಕನಸಲ್ಲಿ ರಸ್ತೆ ಪಕ್ಕ ನಿಂತಿದಾನೆ, ಬೂಟು ಕೈಯಲ್ಲಿ ಹಿಡ್ಕೊಂಡು. ಬಾರೋ ಅಂದ್ರೆ, ಹಬೆ ಇನ್ನೂ ನಿಂತಿಲ್ಲ ಅಕ್ಕಾ, ಅಣ್ಣ ಯಾರ ಜೊತೆಗೋ ಮಾತಾಡ್ತಾ ಇದಾನೆ, ಮುಗಿದ ಮೇಲೆ ಕರೀತಾನೆ ಅಂತಾನೆ."

ನಾನು ಗುರುವಾರದ ಪ್ರಾರ್ಥನೆ ತಪ್ಪಿಸದವಳು. ಸತ್ತವರೆಲ್ಲ ದೇವರ ಕೈಯಲ್ಲಿದ್ದಾರೆ ಎಂದು ನಂಬಿರುವವಳು. ಆದರೂ ಆ ವಾರದಿಂದ ಏರುದಾರಿಯ ಪಕ್ಕ ಬೂಟು ಹಿಡಿದು ನಿಂತವನಿಗಾಗಿಯೂ ಒಂದು ಮಾತು ಸೇರಿಸಿ ಪ್ರಾರ್ಥಿಸುತ್ತಾ ಬಂದೆ.

ಈಗ ವೆಲಾಫಿ ಅದೇ ಏರಿಗೆ ಮತ್ತೆ ಹೋಗಬೇಕಿತ್ತು, ಈ ಸಲ ನಡುವೆ ಕೈಕೊಡದ ಗಾಡಿಯಲ್ಲಿ. ಗಾಡಿ ಕೆಟ್ಟರೆ ಯಾರನ್ನಾದರೂ ಕೇಳಬೇಕಾಗುತ್ತದೆ, ಕೇಳಿದರೆ ಮಾತಾಗುತ್ತದೆ.

ಎಲೆಕೋಸಿನ ವ್ಯಾಪಾರಿ ಸೊಖೇಲಾ ತನ್ನ ಬಿಳಿ ಪಿಕಪ್ಪು ಮಾರುತ್ತಾನೆಂದು ತಿಳಿದು ಅಲ್ಲಿಗೆ ಹೋದೆವು. ನನಗೂ ಕೋಸು ಬೇಕಿತ್ತು. ವೆಲಾಫಿ ಗಾಡಿಯ ಸುತ್ತ ಒಂದು ಸುತ್ತೂ ಬರಲಿಲ್ಲ. ಬಾನೆಟ್ಟಿನ ಮೇಲೆ ಅಂಗೈ ಊರಿ ನಿಂತ.

"ಬೆಳಿಗ್ಗೆ ಗಾಡಿ ಎಲ್ಲಿಗಾದ್ರೂ ಹೋಗಿತ್ತಾ, ಬಾಬಾ?"

"ಎಲ್ಲಿಗೂ ಇಲ್ಲಪ್ಪಾ, ನಿನ್ನೆಯಿಂದ ಇಲ್ಲೇ ಮಲಗಿದೆ," ಎಂದ ಸೊಖೇಲಾ.

"ಹಂಗಾದ್ರೆ ಜ್ವರ ಬಂದಿದೆ. ಇಳಿದ ಮೇಲೆ ಬರ್ತೀನಿ."

ಸೊಖೇಲಾ ಹೊಟ್ಟೆ ಹಿಡಿದುಕೊಂಡು ನಕ್ಕ. ಚಳಿಯಲ್ಲಿ ತಡವರಿಸಿ ಹೊತ್ತಿಕೊಳ್ಳುವ ಡೀಸೆಲ್ ಎಂಜಿನ್ನನ್ನು ಗಿರಾಕಿ ಬರುವ ಮೊದಲೇ ಬಿಸಿ ಮಾಡಿಡುವುದು ಎಲ್ಲರೂ ಮಾಡುವ ಕೆಲಸ.

ಮರುದಿನ ಬೆಳಕು ಹರಿಯುವಾಗಲೇ ಗೇಟಿನ ಹತ್ತಿರ ಇದ್ದೆವು. ಸೊಖೇಲಾ ಕಂಬಳಿ ಹೊದ್ದೇ ಬಂದ.

"ಶಾಂಡು, ನನ್ನ ಮಗಳನ್ನ ಕೇಳೋಕೆ ಬಂದವರು ಈ ಗೇಟಿನ ಹೊರಗೇ ಕಾದು ನಿಂತಿದ್ರು. ಅವರೂ ಇಷ್ಟು ಬೇಗ ಬರ್ಲಿಲ್ಲಪ್ಪಾ."

"ನಿಮ್ಮ ಮಗಳು ಡೀಸೆಲ್ ಕುಡಿಯಲ್ವಲ್ಲಾ ಬಾಬಾ."

ಎಂಜಿನ್ನು ಮೂರನೇ ಸಲಕ್ಕೆ ಹೊತ್ತಿಕೊಂಡು ಬಿಳಿ ಹೊಗೆ ಕಾರಿ, ಕೆಮ್ಮಿ, ಆಮೇಲೆ ಸಮನಾಯಿತು. ವೆಲಾಫಿ ಹೊಗೆಯಲ್ಲಿ ಕೈಯಾಡಿಸಿ ಮೂಸಿದ. ಎಣ್ಣೆಯ ಮುಚ್ಚಳ ತೆಗೆದು ಆ ತೂತಿಗೆ ಅಂಗೈ ಅಡ್ಡ ಹಿಡಿದು ಎಂಜಿನ್ನಿನ ಉಸಿರು ಎಷ್ಟು ಒದೆಯುತ್ತದೆ ನೋಡಿದ. ಡೀಸೆಲ್ ಸೋಸುವ ಬಟ್ಟಲಿನ ತಳದ ತಿರುಪು ಸಡಿಲಿಸಿ ಎರಡು ಗುಟುಕು ಗಾಜಿನ ಲೋಟಕ್ಕೆ ಹಿಡಿದು, ನೀರು ಬೇರೆಯಾಗಿ ಕೂರುತ್ತದೆಯೇ ಎಂದು ಗೋಡೆಯ ಮೇಲಿಟ್ಟ. ಬೆನ್ನ ಮೇಲೆ ಮಲಗಿ ಕೆಳಗೆ ನುಸುಳಿದ. ಅವನ ಕಾಲು ಮಾತ್ರ ಕಾಣುತ್ತಿತ್ತು, ಸುತ್ತಿಗೆಯ ಹಿಡಿಯಿಂದ ಚಾಸಿಯನ್ನು ತಟ್ಟುವುದು ಕೇಳುತ್ತಿತ್ತು. ತುಕ್ಕು ತಿಂದ ಕಡೆ ಸದ್ದು ಮಂಕಾಗುತ್ತದಂತೆ.

"ಇದರ ಸ್ಪೇರ್ ಚಕ್ರ ಯಾವಾಗ ಇಳಿಸಿದ್ರಿ?" ಎಂದು ಕೆಳಗಿನಿಂದಲೇ ಕೇಳಿದ.

"ಇಳಿಸೋದಾ? ಆರು ವರ್ಷದಿಂದ ಅಲ್ಲೇ ನೇತಾಡ್ತಿದೆ. ನಾನ್ಯಾಕೆ ತಂಟೆ ಮಾಡ್ಲಿ ಅದರ ಜೊತೆ?"

ಇಳಿಸುವ ಸರಪಳಿ ತುಕ್ಕಿಗೆ ಕಚ್ಚಿಕೊಂಡಿತ್ತು. ಒಂದು ಗಂಟೆ ಎಣ್ಣೆ ಬಿಟ್ಟು, ಬೈದು, ಇಳಿಸಿಯೇ ಎದ್ದ.

ಕೊನೆಗೆ ಉಳಿದದ್ದು ರೇಡಿಯೇಟರು. ಎಂಜಿನ್ನು ಆರಿಸಿ ಎರಡು ಗಂಟೆಯಾಗಿತ್ತು, ಅಷ್ಟೊತ್ತಿಗೆ ಕಬ್ಬಿಣವೆಲ್ಲ ತಣ್ಣಗಾಗಿತ್ತು. ಆದರೂ ವೆಲಾಫಿ ದಪ್ಪ ಗೋಣಿಯನ್ನು ಮೂರು ಮಡಿಕೆ ಮಾಡಿ ಮುಚ್ಚಳದ ಮೇಲಿಟ್ಟ. ಅದರ ಮೇಲೆ ಕೈಯಿಟ್ಟ. ಹಾಗೇ ನಿಂತುಬಿಟ್ಟ. ಸೊಖೇಲಾನ ಹೆಂಡತಿ ಒಳಗೆ ಗಂಜಿಗೆ ನೀರು ಕಾಯಿಸುತ್ತಿದ್ದಳು, ಪಾತ್ರೆಯ ಮುಚ್ಚಳ ಕಟಕಟ ಕುಣಿಯುತ್ತಿತ್ತು.

"ತಣ್ಣಗಿದೆಯಪ್ಪಾ, ಕಚ್ಚಲ್ಲ," ಎಂದ ಸೊಖೇಲಾ. ಆಮೇಲೆ ನನ್ನ ಮುಖ ನೋಡಿ ಒಳಗೆ ಹೋದ. ಪಾತ್ರೆಯ ಸದ್ದು ನಿಂತಿತು. ಅವನನ್ನು ನಾನು ಒಳ್ಳೆಯವನೆಂದು ತಿಳಿದದ್ದು ಆಗ.

ವೆಲಾಫಿ ಮುಚ್ಚಳ ತಿರುಗಿಸಿದ. ಎಂಜಿನ್ನು ಮತ್ತೆ ಹಚ್ಚಿ, ನೀರಿನ ಬಾಯಿಯನ್ನೇ ನೋಡುತ್ತಾ ನಿಂತ. ಒಂದು ಗುಳ್ಳೆ ಎದ್ದಿತು. ಅವನು ಇನ್ನಷ್ಟು ಬಗ್ಗಿದ. ಮತ್ತೆ ಏಳಲಿಲ್ಲ. ಗುಳ್ಳೆಗಳು ಏಳುತ್ತಲೇ ಇದ್ದರೆ ಎಂಜಿನ್ನಿನ ತಲೆ ಸೀಳಿದೆ ಎಂದರ್ಥ. ಒಂದೇ ಎದ್ದರೆ ಒಳಗೆ ಸಿಕ್ಕಿಬಿದ್ದ ಗಾಳಿ.

ಹೊರಡುವ ಮೊದಲು ಎಡಗಡೆಯ ಸೀಟಿನಲ್ಲಿ ತಾನೇ ಕೂತು ಬಾಗಿಲು ಹಾಕಿಕೊಂಡ. ಒಳಗಿನಿಂದ ಅದು ತೆರೆಯಲಿಲ್ಲ.

"ಕೋಸು ಒಳಗಿಂದ ಬಾಗಿಲು ತೆಗೆಯಲ್ಲಪ್ಪಾ, ನಂಗೆ ಅದು ಬೇಕೇ ಆಗ್ಲಿಲ್ಲ," ಎಂದ ಸೊಖೇಲಾ.

"ನಾನು ಕರ್ಕೊಂಡು ಹೋಗೋದು ಕೋಸನ್ನಲ್ಲ ಬಾಬಾ."

ಗಾಡಿ ನಮ್ಮ ಅಂಗಳಕ್ಕೆ ಬಂದ ಮೇಲೆ ಅವನು ಮೊದಲು ಸರಿಮಾಡಿದ್ದು ಆ ಬಾಗಿಲನ್ನೇ. ಆಮೇಲೆ ಐದು ವಾರ, ಗ್ಯಾರೇಜಿನಿಂದ ಬಂದ ಮೇಲೆ, ಒಂದೊಂದಾಗಿ ಮುಗಿಸಿದ. ರೇಡಿಯೇಟರಿನ ಎರಡೂ ರಬ್ಬರ್ ಕೊಳವೆ ಹೊಸದು, ಫ್ಯಾನಿನ ಬೆಲ್ಟು ಹೊಸದು, ಬ್ರೇಕಿನ ಕೊಳವೆಗಳು ಹೊಸದು. ರಟ್ಟಿನ ಮೇಲಿನ ಕಲೆಗಳು ವಾರದಿಂದ ವಾರಕ್ಕೆ ಕಡಿಮೆಯಾದವು.

ಒಂದು ಸದ್ದು ಮಾತ್ರ ಉಳಿಯಿತು. ರಸ್ತೆಯಲ್ಲಿ ಒಂದಿಷ್ಟು ಉಬ್ಬು ಸಿಕ್ಕಿದರೆ ಸಾಕು, ಎಡಗಡೆಯ ಸೀಟಿನ ಅಡಿಯಿಂದ ಟಕ್, ಟಕ್ ಎನ್ನುತ್ತಿತ್ತು. ನಾನು ಕೂತು ಪ್ರಾರ್ಥನೆಗೆ ಹೋದ ದಿನ ಆ ಸದ್ದಿಲ್ಲ. ನಾನು ಇಳಿದ ಮೇಲೆ ಮತ್ತೆ ಟಕ್, ಟಕ್. ಅವನು ಹಿಟ್ಟಿನ ಚೀಲ ಇಟ್ಟು ನೋಡಿದ, ಸದ್ದಿಲ್ಲ. ತೆಗೆದ, ಟಕ್. ಸ್ಪ್ರಿಂಗು ಹಿಡಿದಿದ್ದ ಬೋಲ್ಟೊಂದು ಸಡಿಲಾಗಿತ್ತು. ಯಾರಾದರೂ ಕೂತರೆ ಸುಮ್ಮನಾಗುತ್ತಿತ್ತು, ಖಾಲಿಯಿದ್ದರೆ ಬಡಿಯುತ್ತಿತ್ತು.

"ಒಂದು ಬೋಲ್ಟು ಬಿಗಿ ಮಾಡಿದ್ರೆ ಹೋಗುತ್ತಲ್ಲೋ?" ಎಂದೆ.

"ಹೋಗುತ್ತೆ ಮಾ."

"ಮತ್ತೆ?"

"ಇರ್ಲಿ ಬಿಡಿ," ಎಂದು ಸ್ಪ್ಯಾನರನ್ನು ಒರೆಸಿ ಡಬ್ಬಿಯೊಳಗಿಟ್ಟ.

ಊರಿನಲ್ಲಿ ಶನಿವಾರಕ್ಕೆ ಎಲ್ಲ ಸಿದ್ಧವಾಗಿತ್ತು. ಯಾರನ್ನಾದರೂ ಹಿಂದೆ ಕೂರಿಸಿಕೊಂಡು ಹೋಗು, ಪೊಲೀಸರು ನಿಲ್ಲಿಸಿದರೆ ಅವರು ಮಾತಾಡುತ್ತಾರೆ ಎಂದು ನಾನೂ ಹೇಳಿ ನೋಡಿದೆ.

"ಬೇಡ ಮಾ. ಬೇರೆಯವರ ಕೈ ಗಾಡಿ ಮೇಲೆ ಹೋದ್ರೆ ನನ್ನ ಬಾಯಿ ಸುಮ್ನಿರಲ್ಲ. ಅದು ನಂಗೆ ಈಗ ಗೊತ್ತು."

ಶುಕ್ರವಾರ ಬೆಳಿಗ್ಗೆ ರಟ್ಟು ಎಳೆದ. ಅದರ ಮೇಲೆ ಒಂದು ಹನಿಯೂ ಇರಲಿಲ್ಲ. ಹಿಂದೆ ಮುಂದೆ ತಿರುಗಿಸಿ ನೋಡಿ ನನ್ನ ಕೈಗೆ ಕೊಟ್ಟ. ಬಾನೆಟ್ಟಿನ ಮೇಲೆ ಕೈಯಿಟ್ಟು ನಾನು ಪ್ರಾರ್ಥನೆ ಮಾಡಿದೆ, ಅವನು ಟೋಪಿ ತೆಗೆದು ತಲೆಬಾಗಿ ನಿಂತ. ಪೆಟ್ರೋಲ್ ಬಂಕಿನಲ್ಲಿ ಬಾಯಿ ಬಿಡುವ ಪ್ರಸಂಗ ಬರಬಾರದೆಂದು ಒಂದು ಕ್ಯಾನು ಡೀಸೆಲ್, ಎರಡು ಕ್ಯಾನು ನೀರು ಹಿಂದೆ ಕಟ್ಟಿಕೊಂಡಿದ್ದ. ಕಾಗದಪತ್ರಗಳನ್ನು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡಿದ್ದ.

ಮುಂದಿನದನ್ನು ಅವನೇ ನನಗೆ ಹೇಳಿದ್ದು, ವಾಪಸು ಬಂದ ಮೂರನೇ ದಿನ, ನನ್ನ ಅಡುಗೆಮನೆಯಲ್ಲಿ ಕೂತು. ತಡೆದು ತಡೆದು ಹೇಳಿದ.

ಏರಿನ ಆ ಜಾಗ ಅವನಿಗೆ ಹುಡುಕಬೇಕಾಗಲಿಲ್ಲ. ಎರಡು ಕಡೆಯೂ ನೆಟ್ಟ ನೀಲಗಿರಿ ಮರಗಳು, ಬಲಕ್ಕೆ ಒಂದು ತಿರುವು. ಗಾಡಿ ನಿಲ್ಲಿಸಿ, ಕೊಂಬೆ ಹಿಡಿದು ಇಳಿದ. ಮಧ್ಯಾಹ್ನದ ಬಿಸಿಲು. ಡಾಂಬರಿನ ಮೇಲೆ ಗಾಳಿ ನಡುಗುತ್ತಿತ್ತು, ಹಬೆಯ ಹಾಗೆಯೇ ಕಾಣುತ್ತಿತ್ತು. ಕುಲದ ಹೆಸರುಗಳನ್ನೆಲ್ಲ ಹೇಳಿ ಕರೆದ.

"ಫಲಾಖೆ, ನಾನು ಕಣೋ. ಹೋದ ಸಲ ನಡುವೆ ಮಾತಾಡ್ಬಿಟ್ಟೆ. ತಪ್ಪಾಯ್ತು. ಬಾ, ಮನೆಗೆ ಹೋಗೋಣ."

ಕೊಂಬೆಯನ್ನು ಎಡಗಡೆಯ ಸೀಟಿನಲ್ಲಿಟ್ಟು ಬೆಲ್ಟು ಹಾಕಿ ಹೊರಟ. ಮೊದಲ ತಿರುವಿನಲ್ಲೇ ಸೀಟಿನ ಅಡಿಯಿಂದ ಬಂತು: ಟಕ್, ಟಕ್.

"ಕೂಡ್ಲೇ ಬ್ರೇಕು ಒತ್ತಿದೆ ಮಾ," ಎಂದ. "ಕೊಂಬೆಗೇನು ಭಾರ ಇರುತ್ತೆ, ಸದ್ದು ಬರ್ಲೇಬೇಕು, ಬೋಲ್ಟು ಸಡಿಲಾಗಿದೆ. ನಂಗೆ ಗೊತ್ತು. ಆದ್ರೆ ಮುಂದೆ ಹೋಗೋಕಾಗ್ಲಿಲ್ಲ."

ತಿರುಗಿಸಿಕೊಂಡು ಅದೇ ಜಾಗಕ್ಕೆ ಬಂದ. ಈ ಸಲ ಕುಲದ ಹೆಸರು ಹೇಳಲಿಲ್ಲ. ಎಡಗಡೆಯ ಬಾಗಿಲು ಪೂರ್ತಿ ತೆರೆದಿಟ್ಟು, ರಸ್ತೆಯ ಪಕ್ಕದ ಹುಲ್ಲಿನ ಕಡೆ ಮುಖ ಮಾಡಿ, ಮನೆಯಲ್ಲಿ ಮಾತಾಡುವ ಹಾಗೆ ಮಾತಾಡಿದ.

"ನೋಡು, ಆಗ ತಪ್ಪಾಯ್ತು ಅಂದೆನಲ್ಲ, ಅದು ಸುಳ್ಳು. ಆ ಮನುಷ್ಯನ ಮುಖ ಬೆಂದು ಹೋಗ್ತಿತ್ತು. ಇವತ್ತು ಅದೇ ಆದ್ರೂ ನಾನು ಕೂಗೋನೇ. ನಿನ್ನ ಭಟ್ಟಿ ಹತ್ರ ಹಂಗೆ ಕೂಗೋಕೆ ಯಾರಾದ್ರೂ ಇದ್ದಿದ್ರೆ ನೀನು ಇರ್ತಿದ್ದೆ. ಕೋಪ ಇದ್ರೆ ಮಾಡ್ಕೋ. ಆದ್ರೆ ಮನೆಗೆ ಬಂದು ಮಾಡ್ಕೋ. ಹಬೆ ನಿಂತು ಎರಡು ವರ್ಷ ಆಯ್ತು. ಬೂಟು ಹಾಕ್ಕೋ."

ಬೂಟಿನ ದಾರ ಕಟ್ಟಿಕೊಳ್ಳುವಷ್ಟು ಹೊತ್ತು ಕಾದ. ಬಾಗಿಲು ಹಾಕಿದ. ಹೊರಟ.

ಸದ್ದಿರಲಿಲ್ಲ.

"ನಿಜವಾಗ್ಲೂ ನಿಂತಿತಾ?" ಎಂದು ನಾನು ಕೇಳಿದೆ.

"ಈ ಸಲ ತಿರುವಲ್ಲಿ ರಸ್ತೆ ನುಣ್ಣಗಿದ್ದ ಕಡೆ ಓಡಿಸ್ದೆ ಮಾ. ಅದಕ್ಕೂ ಇರ್ಬಹುದು." ಆಮೇಲೆ ಸೇರಿಸಿದ, "ಮುಂದೆ ನುಣ್ಣಗಿರ್ಲಿಲ್ಲ."

ಹೊಳೆ ಬಂದಾಗ ಹೇಳಬೇಕು, ಇಲ್ಲದಿದ್ದರೆ ಸತ್ತವರಿಗೆ ದಾಟಲಾಗುವುದಿಲ್ಲ. "ಫಲಾಖೆ, ಫೊಂಗೊಲೊ ದಾಟ್ತಿದ್ದೀವಿ," ಎಂದ ಸೇತುವೆಯ ಮೇಲೆ. ನೀರು, ಎಣ್ಣೆ, ಬೆಲ್ಟು, ಬ್ರೇಕು ಯಾವುದೂ ಕೈಕೊಡಲಿಲ್ಲ. ಮ್ಕುಜೆ ಹೊಳೆಗೆ ಇನ್ನು ಸ್ವಲ್ಪ ದೂರವಿರುವಾಗ ಹಿಂದಿನ ಬಲ ಚಕ್ರಕ್ಕೆ ಏನೋ ಚುಚ್ಚಿ ಗಾಳಿ ಹೋಯಿತು.

ಅದಕ್ಕೂ ಅವನು ಸಿದ್ಧನಾಗಿದ್ದ. ಸ್ಪೇರ್ ಚಕ್ರ ಒಂದೇ ತಿರುವಿಗೆ ಇಳಿಯಿತು. ಜಾಕಿನಡಿ ಹಲಗೆಯಿಟ್ಟು ಗಾಡಿ ಎತ್ತಿದ, ಕೆಟ್ಟ ಚಕ್ರ ಬಿಚ್ಚಿದ. ಹೊಸ ಚಕ್ರವನ್ನು ಎತ್ತಿ ಕೂರಿಸುವಾಗ ಬೆನ್ನು ಹಿಡಿದುಕೊಂಡಿತು. ಎರಡು ಸಲ ಎತ್ತಿ ಎರಡು ಸಲವೂ ಇಳಿಸಿ, ಮಂಡಿಯೂರಿ ಕೂತ. ಹೊತ್ತು ಇಳಿಯುತ್ತಿತ್ತು. ಆಡುಗಳನ್ನು ತುಂಬಿದ್ದ ಇನ್ನೊಂದು ಪಿಕಪ್ಪು ಬಂದು ನಿಂತಿತು. ನಲವತ್ತರ ಆಸುಪಾಸಿನ ಗಟ್ಟಿ ಆಳೊಬ್ಬ ಇಳಿದ.

"ಸಾವುಬೋನಾ, ಬಾಬಾ! ಚಕ್ರ ಹೋಯ್ತಾ?"

ವೆಲಾಫಿ ಉತ್ತರ ಕೊಡಲಿಲ್ಲ. ನಮ್ಮಲ್ಲಿ ಹಿರಿಯನೊಬ್ಬ ನಮಸ್ಕಾರಕ್ಕೆ ಉತ್ತರ ಕೊಡದಿರುವುದು ಮುಖಕ್ಕೆ ಉಗಿದಷ್ಟೇ.

"ಬಾಬಾ, ನಿಮಗೇ ಹೇಳಿದ್ದು. ಸಾವುಬೋನಾ!" ಎಂದ ಅವನು, ಈ ಸಲ ಗಟ್ಟಿಯಾಗಿ. "ಏನು, ಪಟ್ಟಣದವರು ಮಾತಿಗೂ ಬಾಡಿಗೆ ಕೇಳ್ತೀರಾ? ನಮ್ಮಪ್ಪನ ವಯಸ್ಸಿನವರು ಅಂತ ಇಳಿದು ಬಂದೆ. ಆಡುಗಳಾದ್ರೂ ತಿರುಗಿ ಮ್ಯಾ ಅಂತವೆ!"

ವೆಲಾಫಿ ತಲೆ ತಗ್ಗಿಸಿಕೊಂಡೇ ಕೂತ. ಆ ಮನುಷ್ಯ ಬೈಯುತ್ತಾ ಗಾಡಿಯ ಆ ಬದಿಯಿಂದ ಸುತ್ತಿಕೊಂಡು ಹೊರಟವನು ಎಡಗಡೆಯ ಕಿಟಕಿಯ ಹತ್ತಿರ ನಿಂತ. ಒಳಗೆ ಬೆಲ್ಟು ಹಾಕಿಕೊಂಡು ಕೂತಿದ್ದ ಕೊಂಬೆಯನ್ನು ನೋಡಿದ. ಟೋಪಿ ತೆಗೆದ. ಮೆಲ್ಲಗೆ ವಾಪಸು ಬಂದು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತ.

"ಕ್ಷಮಿಸಿ ಬಾಬಾ," ಎಂದು ಪಿಸುಗುಟ್ಟಿದ. "ನಾನೂ ಬಾಯಿ ಬಿಡಲ್ಲ. ಚಕ್ರ ಎತ್ತಿ ಕೂರಿಸ್ತೀನಿ, ನಟ್ಟು ಹಾಕ್ತೀನಿ, ಹೊರಟು ಹೋಗ್ತೀನಿ. ಅಷ್ಟೇ. ನಿಮ್ಮ ಬೆನ್ನು ನೋಡೋಕಾಗ್ತಿಲ್ಲ."

ಹೀಗೆ ಹೇಳುತ್ತಲೇ ಅವನು ನೆಲದ ಮೇಲಿದ್ದ ಸ್ಪ್ಯಾನರನ್ನು ಎತ್ತಿಕೊಂಡು, ಜಾಕಿನ ಮೇಲೆ ನಿಂತಿದ್ದ ಗಾಡಿಯನ್ನು ಇನ್ನಷ್ಟು ಎತ್ತಲೆಂದು ಅದರ ಅಡಿಗೆ ತನ್ನ ಭುಜವನ್ನು ತೂರಿಸಲು ಹೊರಟ. ಎತ್ತಿ ನಿಲ್ಲಿಸಿದ ಗಾಡಿಯ ಕೆಳಗೆ ಯಾರೂ ತಲೆ ಹಾಕಬಾರದು. ಅದನ್ನೂ ಗ್ಯಾರೇಜಿನಲ್ಲಿ ದಿನಕ್ಕೆ ನಾಲ್ಕು ಸಲ ಕೂಗುತ್ತಾನೆ ವೆಲಾಫಿ. ಮಾತು ಗಂಟಲಿಗೆ ಬಂದೇಬಿಟ್ಟಿತ್ತು.

ಅವನು ಹಲ್ಲು ಕಚ್ಚಿ, ಆ ಮನುಷ್ಯನ ಅಂಗಿಯ ಬೆನ್ನು ಹಿಡಿದು ಹಿಂದಕ್ಕೆಳೆದ. ತನ್ನ ಎದೆಯ ಮೇಲೆ ಒಂದು ಅಂಗೈ ಇಟ್ಟುಕೊಂಡ, ಮೆಲ್ಲಗೆ ತಲೆಯಲ್ಲಾಡಿಸಿದ, ಇನ್ನೊಂದು ಕೈಯಿಂದ ಅವನ ಹಿಡಿಯಲ್ಲಿದ್ದ ಸ್ಪ್ಯಾನರನ್ನು ಬಿಡಿಸಿಕೊಂಡ. ಮೂರನೇ ಸಲ ತಾನೇ ಚಕ್ರ ಎತ್ತಿ ಕೂರಿಸಿ, ಒಂದು ಮಾತೂ ಆಡದೆ ಮ್ಕುಜೆಯ ಕಡೆ ಹೊರಟ.